ಹಳೇ ಟೀಮಿನ ಮರುಮಿಲನ: ಪಂದ್ಯ ಹೇಗೆ ಆಡಿಸೋದು?

ಎಡವಿಂಗ್11: ಕಾಲೇಜು ಫುಟ್‌ಬಾಲ್ ಟೀಮಿನವರೆಲ್ಲ ಮುಂದಿನ ತಿಂಗಳು ಸೇರ್ತಿದ್ದೀವಿ. ಹಳೇ ಮಾತುಕತೆ ಜೊತೆ ಒಂದು ಪಂದ್ಯವೂ ಆಗ್ಲಿ ಅಂತ ಎಲ್ಲರ ಹಟ. ಆಡೋರು 16 ಜನ, ವಯಸ್ಸು 45ರ ಆಸುಪಾಸು. ಯಾರೂ ಕುಂಟ್ಕೊಂಡು ಊಟಕ್ಕೆ ಬರಬಾರದು. ಏನು ಮಾಡಬೇಕು?

ಸ್ಟಾಪರ್‌ಬ್ಯಾಕ್: ಅರ್ಧ ಮೈದಾನ ಅಡ್ಡಡ್ಡ ಹಿಡೀರಿ. ತಂಡಕ್ಕೆ 6 ಜನ ಒಳಗೆ, ಇಬ್ಬರು ಹೊರಗೆ. 10 ನಿಮಿಷದ ನಾಲ್ಕು ಆಟ ಸಾಕು. ಬದಲಿ ಆಟಗಾರರನ್ನು ಗಡಿಯಾರ ನೋಡಿ 5 ನಿಮಿಷಕ್ಕೊಮ್ಮೆ ಇಳಿಸಿ. ‘ಸುಸ್ತಾದಾಗ ಬರ್ತೀನಿ’ ಅಂದವನು ಬರೋದೇ ಇಲ್ಲ. ಹೊರಗೆ ಹೋದವನು ಮತ್ತೆ ಒಳಗೆ ಬರೋದಕ್ಕೆ ವಯಸ್ಸಾದವರ (ವೆಟರನ್ಸ್) ಫುಟ್‌ಬಾಲ್‌ನಲ್ಲಿ ನಿಯಮಾವಳಿಯೇ ಅವಕಾಶ ಕೊಡುತ್ತೆ. ಆಫ್‌ಸೈಡ್ ನಿಯಮ ಬೇಡ, ಸ್ಲೈಡ್ ಟ್ಯಾಕಲ್ (ನೆಲದ ಮೇಲೆ ಜಾರಿ ಬಂದು ಚೆಂಡು ಕಸಿಯೋದು) ಖಡಾಖಂಡಿತ ಬೇಡ. ಹಳೇ ಜೋಡಿಗಳನ್ನು ಒಂದೇ ಕಡೆ ಬಿಡಿ, ಅವರು ಪಾಸ್ ಕೊಡೋದು ನೋಡೋಕೇ ಅಲ್ವಾ ಎಲ್ಲರೂ ಬರೋದು!

ಮಂಡಿಚಿಪ್ಪು: ಅಪಾಯ ಇರೋದು ಮೊದಲ ಓಟದಲ್ಲಿ. ಚೆಂಡು ಕಂಡ ತಕ್ಷಣ ತಲೆ 20ರ ವೇಗ ಕೇಳುತ್ತೆ, ತೊಡೆ ಹಿಂಭಾಗ ಕೊಡಲ್ಲ. ಇವತ್ತಿಂದಲೇ ವಾರಕ್ಕೆ ಮೂರು ದಿನ ನಿಧಾನ ಓಟ, ಹಿಮ್ಮಡಿ ಎತ್ತಿ ಇಳಿಸೋದು ಶುರುವಾಗ್ಲಿ. ಬಿಪಿ, ಶುಗರ್, ಹೃದಯದ ತೊಂದರೆ ಇರೋರು ಮೊದಲೇ ಡಾಕ್ಟರನ್ನು ಕಾಣಲಿ. ಆ ದಿನ 15–20 ನಿಮಿಷ ವಾರ್ಮಪ್: ಜಾಗಿಂಗ್, ಪಕ್ಕಕ್ಕೆ ಹೆಜ್ಜೆ, ಸ್ಕ್ವಾಟ್, ಕೊನೆಗೆ ವೇಗ ಏರಿಸ್ತಾ ಮೂರ್ನಾಲ್ಕು ಓಟ. ಫೋಟೋ ಸೆಷನ್ ವಾರ್ಮಪ್‌ಗಿಂತ ಮೊದಲೇ ಮುಗಿಸಿ. ಆಮೇಲೆ ಇಟ್ಟರೆ ಮೈ ತಣ್ಣಗಾಗಿ ಎಲ್ಲ ದಂಡ.

ಯಾರೋ ಹಿಂದಿನಿಂದ ಮೀನಖಂಡಕ್ಕೆ ಒದ್ದ ಹಾಗಾಗಿ, ತಿರುಗಿ ನೋಡಿದ್ರೆ ಯಾರೂ ಇಲ್ವಾ? ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಿರಬಹುದು. ತಿಕ್ಕಬೇಡಿ, ನಡೆಸಬೇಡಿ, ನೇರ ಆಸ್ಪತ್ರೆಗೆ. ಎದೆ ಹಿಡಿದುಕೊಂಡ್ರೆ, ತಲೆ ಸುತ್ತಿದ್ರೆ ಆಟ ಅಲ್ಲಿಗೇ ನಿಲ್ಲಿಸಿ, ಆಂಬುಲೆನ್ಸ್ ಕರೀರಿ.

ಎಡವಿಂಗ್11: ಥ್ಯಾಂಕ್ಸ್. ಕೆಲವರು ಕಾಲೇಜಿನ ಬೂಟನ್ನೇ ಹಾಕ್ಕೊಂಡು ಬರ್ತೀವಿ ಅಂತಿದ್ದಾರೆ...

ಸ್ಟಾಪರ್‌ಬ್ಯಾಕ್: ಫೋಟೋಗೆ ಹಾಕ್ಕೊಳ್ಲಿ. ವರ್ಷಗಟ್ಟಲೆ ಡಬ್ಬದಲ್ಲಿದ್ದ ಬೂಟಿನ ಅಂಟು ಸತ್ತಿರುತ್ತೆ; ಪಾಲಿಯುರೆಥೇನ್ (ಒಂದು ಬಗೆ ಪ್ಲಾಸ್ಟಿಕ್) ಭಾಗ ಇದ್ರೆ ಗಾಳಿಯ ತೇವಕ್ಕೇ ಪುಡಿಯಾಗಿರುತ್ತೆ. ಬೆರಳ ಬುಡದ ಹತ್ರ ಬಗ್ಗಿಸಿ ನೋಡಿ: ಸೋಲ್ ಬಾಯಿ ಬಿಟ್ರೆ, ಪುಡಿ ಉದುರಿದ್ರೆ ಆಡೋಕೆ ಬೇಡ. ಕೃತಕ ಹುಲ್ಲಾದ್ರೆ ಉದ್ದ ಸ್ಟಡ್ (ಸೋಲಿನ ಅಡಿಯ ಗುಬುಟು) ಬೇಡವೇ ಬೇಡ, ಪಾದ ಅಲ್ಲೇ ಕಚ್ಚಿಕೊಂಡು ಮಂಡಿ ತಿರುಚುತ್ತೆ. ಗಿಡ್ಡ ಸ್ಟಡ್ಡಿನ ಟರ್ಫ್ ಶೂ ಹಾಕಿಸಿ.