ಸಹಾಯ ಬೇಕು: ಎಫ್-1 (ವಿದ್ಯಾರ್ಥಿ) ವೀಸಾದ ಕಾಲೇಜು ಆಟಗಾರ್ತಿಗೆ ಜಾಹೀರಾತು ಒಪ್ಪಂದ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಡಿವಿಷನ್ 1 (ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ) ಕಾಲೇಜಿನಲ್ಲಿ ಟೆನಿಸ್ ಆಡುವ ನಮ್ಮ ಹುಡುಗಿಗೆ ಒಂದು ರ‍್ಯಾಕೆಟ್ ಕಂಪನಿ 1,500 ಡಾಲರ್ ಕೊಡಲು ಮುಂದೆ ಬಂದಿದೆ. ಬದಲಿಗೆ ನಾಲ್ಕು ರೀಲ್ಸ್ ಮಾಡಿಕೊಡಬೇಕು.

2021ರ ಜುಲೈನಿಂದ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಇಂಥದ್ದಕ್ಕೆ ಅಡ್ಡಿ ಮಾಡುವುದಿಲ್ಲ. 600 ಡಾಲರ್ ಮೇಲಿರುವುದರಿಂದ ಸಹಿ ಮಾಡಿದ ಐದು ಕೆಲಸದ ದಿನಗಳೊಳಗೆ, ಕಾಲೇಜು ಆಟಗಾರರ ಇಂಥ ಒಪ್ಪಂದಗಳನ್ನು ಪರಿಶೀಲಿಸುವ ಆನ್‌ಲೈನ್ ವ್ಯವಸ್ಥೆ ‘ಎನ್‌ಐಎಲ್ ಗೋ’ದಲ್ಲಿ ದಾಖಲಿಸಬೇಕು, ಅದೂ ಸರಿ.

ತೊಡಕಿರುವುದು ವೀಸಾದಲ್ಲಿ. ಎಫ್-1ರಲ್ಲಿ ಅನುಮತಿಯಿಲ್ಲದೆ ಕ್ಯಾಂಪಸ್ ಹೊರಗೆ ದುಡಿದರೆ ಸ್ಟೇಟಸ್ಸೇ (ಅಲ್ಲಿ ಕಾನೂನುಬದ್ಧವಾಗಿ ಇರುವ ಮಾನ್ಯತೆ) ಹೋಗುತ್ತದೆ. ಅಮೆರಿಕದಲ್ಲೇ ರ‍್ಯಾಕೆಟ್ ಹಿಡಿದು ನಿಂತು ಶೂಟ್ ಮಾಡಿ ಹಣ ಪಡೆದರೆ ಅದನ್ನೂ ದುಡಿಮೆ ಎನ್ನಬಹುದು. ‘ಎಲ್ಲರೂ ಮಾಡ್ತಾರೆ’ ಎಂಬ ಮಾತು ನಂಬಿ ಸಹಿ ಹಾಕುವಂತಿಲ್ಲ.

ಬೇಸಿಗೆ ರಜೆಗೆ ಮೈಸೂರಿಗೆ ಬಂದಾಗಲೇ ನಾಲ್ಕೂ ರೀಲ್ಸ್ ಮುಗಿಸಿ, ‘ಕೆಲಸವೆಲ್ಲ ಭಾರತದಲ್ಲೇ’ ಎಂದು ಒಪ್ಪಂದದಲ್ಲಿ ಬರೆಸುವ ಯೋಚನೆ ಇದೆ. ಹೀಗೆ ಬರೆಸಿದವರು ಇದ್ದೀರಾ? ರಜೆ ಮುಗಿದ ಮೇಲೆ ಅಲ್ಲಿಂದ ಪೋಸ್ಟ್ ಮಾಡಿದರೆ ತೊಂದರೆಯೇ? ಕ್ರೀಡಾ ವೀಸಾ ಬಲ್ಲ ವಕೀಲರಿದ್ದರೆ ದಯವಿಟ್ಟು ತಿಳಿಸಿ.