ಮಗನಿಗೆ ಸ್ಟೀಮ್ ಇಂಜಿನ್ ತೋರಿಸಬೇಕು, ಮಂಗಳೂರಿನಿಂದ ಎಲ್ಲಿಗೆ ಹೋಗಬಹುದು?

ಮಗನಿಗೆ ಏಳು ವರ್ಷ. ಪಾಂಡೇಶ್ವರದ ಗೇಟು ಬಿದ್ದರೆ ಅವನಿಗೆ ಹಬ್ಬ, ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಾ ನಿಲ್ಲುತ್ತಾನೆ. ಈಗ ಕಲ್ಲಿದ್ದಲಿನ ಇಂಜಿನ್ ನೋಡಬೇಕಂತೆ. ನನ್ನ ಅಪ್ಪನೂ ಬರುತ್ತಾರೆ, ಅವರಿಗೆ ಮಂಡಿ ನೋವು ಉಂಟು. ಹೋಗಿ ಬಂದವರು ದಯವಿಟ್ಟು ಹೇಳಿ.

ಬಿಜೈಯಿಂದ:
ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ. ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರು. ಸ್ಟೇಷನ್‌ನಿಂದ ಹತ್ತಿರವೇ. ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ.

ನಾವು ಹೋದಾಗ ದೊಡ್ಡಪ್ಪ ಜೊತೆಗಿದ್ದರು. ಕಿರಿದಾದ ಹಳಿಯ ಮೀಟರ್ ಗೇಜ್ ಕಾಲದಲ್ಲಿ ಫೈರ್‌ಮನ್, ಅಂದರೆ ಇಂಜಿನ್‌ನ ಬೆಂಕಿಗೆ ಕಲ್ಲಿದ್ದಲು ಹಾಕುವವರು ಆಗಿದ್ದವರು. ಮಕ್ಕಳು ಇಂಜಿನ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಓಡುವುದರಲ್ಲಿದ್ದರು. ದೊಡ್ಡಪ್ಪ ಬೆಂಕಿಗೂಡಿನ ಬಾಗಿಲ ಎದುರು ನಿಂತು, ಕೈಯಲ್ಲಿ ಸಲಿಕೆ ಇದ್ದ ಹಾಗೆ ಬೀಸಿ ತೋರಿಸಿದರು. ಕಲ್ಲಿದ್ದಲನ್ನು ಒಂದೇ ಕಡೆ ಸುರಿಯಬಾರದು. ಮೂಲೆ ಮೂಲೆಗೂ ತೆಳ್ಳಗೆ ಹರಡಬೇಕು, ಅದೂ ಗಾಡಿ ಓಲಾಡುತ್ತಿರುವಾಗ. ಆಮೇಲೆ ಒಂದು ಸಣ್ಣ ಗಾಜಿನ ಕೊಳವೆ ತೋರಿಸಿದರು. ಬಾಯ್ಲರ್‌ನಲ್ಲಿ ಎಷ್ಟು ನೀರು ಉಂಟು ಅಂತ ಅದರಲ್ಲಿ ಕಾಣುತ್ತದೆ. "ಬೆಂಕಿಗಿಂತ ನೀರಿನದ್ದೇ ನಮಗೆ ಹೆದರಿಕೆ" ಅಂದರು. ನೀರು ತೀರಾ ಇಳಿದರೆ ಬೆಂಕಿಗೂಡಿನ ಮೇಲ್ಭಾಗ ಕಾದು ಹಾಳಾಗುತ್ತದೆ. ಅದಕ್ಕೇ ಅಲ್ಲಿ ಸೀಸದ ಬೆಣೆ ಇಟ್ಟಿರುತ್ತಾರೆ. ಅದು ಮೊದಲು ಕರಗಿ, ಹಬೆ ಕೆಳಗಿನ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಅಷ್ಟು ಹೊತ್ತಿಗೆ ನನ್ನ ಮಗಳು ಫೋಟೋ ಮರೆತೇ ಬಿಟ್ಟಿದ್ದಳು.

ಮಹಾರಾಣಿಯವರು ಪ್ರಯಾಣ ಮಾಡುತ್ತಿದ್ದ ಸಲೂನ್ ಬೋಗಿಯೂ ಉಂಟು, 1899ರದ್ದು. ಅಡುಗೆಮನೆ, ಊಟದ ಜಾಗ ಎಲ್ಲ ಅದರಲ್ಲೇ. ಹಳಿ ಮೇಲೆ ಓಡುತ್ತಿದ್ದ ಹಳೆಯ ಆಸ್ಟಿನ್ ಕಾರು ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹೊಡೆಯಬಹುದು. ಇಂಜಿನ್ ಮೆಟ್ಟಿಲು ಎತ್ತರ, ಮಂಡಿ ನೋವಿದ್ದವರು ಹತ್ತುವುದು ಬೇಡ. ಕೆಳಗಿನಿಂದಲೇ ಬೇಕಾದಷ್ಟು ಕಾಣುತ್ತದೆ.

ಉಡುಪಿಯಿಂದ:
ಮುರ್ಡೇಶ್ವರ–ಬೆಂಗಳೂರು ರೈಲು ಉಡುಪಿ, ಮಂಗಳೂರು ದಾಟಿ ಮೈಸೂರಿನ ಮೇಲೆಯೇ ಹೋಗುತ್ತದೆ. ನಾವು ಅದರಲ್ಲೇ ಹೋದೆವು. ಬೆಳಗಾಗುವ ಮೊದಲೇ ಇಳಿಸುತ್ತದೆ. ಹಾಗಾಗಿ ಸ್ನಾನ, ತಿಂಡಿಗೆ ಒಂದು ರೂಮು ನೋಡಿಟ್ಟುಕೊಳ್ಳಿ. ಮ್ಯೂಸಿಯಂಗೆ ವಾರದಲ್ಲಿ ಒಂದು ದಿನ ರಜೆ, ಕೇಳಿಕೊಂಡೇ ಹೊರಡಿ. ಹೆಚ್ಚಿನ ಇಂಜಿನ್‌ಗಳು ಬಯಲಲ್ಲೇ ನಿಂತಿವೆ. ಬಿಸಿಲಿಗೆ ಕಬ್ಬಿಣ ಸುಡುತ್ತದೆ, ಬೆಳಿಗ್ಗೆಯೇ ನೋಡಿ ಮುಗಿಸಿ.

ಇನ್ನೊಂದು ವಿಷಯ. ಮಗನಿಗೆ ಹಳಿಯ ಅಗಲ ತೋರಿಸಿ. ಮೀಟರ್ ಗೇಜ್ ಅಂದರೆ 1,000 ಮಿಲಿಮೀಟರ್. ಈಗಿನ ಬ್ರಾಡ್ ಗೇಜ್ 1,676. ಆ ಮ್ಯೂಸಿಯಂ ಶುರುವಾದದ್ದು 1979ರಲ್ಲಿ. ನಮ್ಮ ಮಂಗಳೂರು–ಹಾಸನ ಮೀಟರ್ ಗೇಜ್ ದಾರಿ ಪೂರ್ತಿಯಾದದ್ದೂ ಅದೇ ವರ್ಷ. ಅದನ್ನು ಬ್ರಾಡ್ ಗೇಜ್ ಮಾಡಿ ಮತ್ತೆ ಪ್ರಯಾಣಿಕರ ಗಾಡಿ ಬಿಟ್ಟದ್ದು 2007ರ ಡಿಸೆಂಬರ್‌ನಲ್ಲಿ. ನಡುವೆ ಎಷ್ಟೋ ವರ್ಷ ನಮಗೆ ಬಸ್ಸೇ ಗತಿ. ಆ ಕಿರಿದಾದ ಹಳಿಯನ್ನು ಮ್ಯೂಸಿಯಂನಲ್ಲಿ ನೋಡಿದಾಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು.

ಸುರತ್ಕಲ್‌ನಿಂದ:
ಮೈಸೂರಿನದ್ದು ಚೆಂದವೇ, ಆದರೆ ಅವು ತಣ್ಣಗೆ ನಿಂತ ಇಂಜಿನ್‌ಗಳು. ಉಸಿರಾಡುವ ಇಂಜಿನ್ ಬೇಕಾದರೆ ನೀಲಗಿರಿಗೆ ಹೋಗಬೇಕು. ಮಂಗಳೂರಿನಿಂದ ಕೊಯಮತ್ತೂರಿಗೆ ರೈಲು ಉಂಟು, ಅಲ್ಲಿಂದ ಮೆಟ್ಟುಪಾಳ್ಯಂ ಹತ್ತಿರ. ಊಟಿ ಗಾಡಿ ಬೆಳಿಗ್ಗೆ ಬೇಗ ಹೊರಡುತ್ತದೆ, ಹಿಂದಿನ ರಾತ್ರಿಯೇ ಅಲ್ಲಿರಬೇಕು. ಕೂನೂರಿನವರೆಗೆ ಸ್ಟೀಮ್ ಇಂಜಿನ್, ಮುಂದೆ ಊಟಿಗೆ ಡೀಸೆಲ್. ಏರು ಎಷ್ಟೆಂದರೆ ಹನ್ನೆರಡೂವರೆ ಅಡಿ ಹೋದರೆ ಒಂದು ಅಡಿ ಮೇಲೆ. ಬರೀ ಗಾಲಿ ಜಾರುತ್ತದೆ, ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಇಂಜಿನ್ ಮುಂದೆ ಇರುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ದಾರಿಯ ಹಿಲ್‌ಗ್ರೋವ್ ಸ್ಟೇಷನ್‌ನಲ್ಲಿ ಇಂಜಿನ್ ನೀರು ಕುಡಿಯಲು ನಿಂತಾಗ ಇಳಿದು ಹತ್ತಿರ ಹೋಗಿ. ಬಿಸಿ ಎಣ್ಣೆ, ಹಬೆ ಸೇರಿದ ಆ ವಾಸನೆ ಯಾವ ಮ್ಯೂಸಿಯಂನಲ್ಲೂ ಸಿಗುವುದಿಲ್ಲ.

ಆದರೆ ಸೀಟು ಇಕ್ಕಟ್ಟು, ಪೂರ್ತಿ ದಾರಿಗೆ ಐದು ಗಂಟೆ ಹತ್ತಿರ. ನಿಮ್ಮ ತಂದೆಯವರಿಗೆ ಕಷ್ಟ ಆಗಬಹುದು. ಟಿಕೆಟ್ ಬೇಗ ಖಾಲಿಯಾಗುತ್ತದೆ, ತುಂಬಾ ಮುಂಚೆಯೇ ಮಾಡಿಸಿ. ಮೊದಲು ಮೈಸೂರಿನಲ್ಲಿ ಎಲ್ಲ ಭಾಗ ನೋಡಿಕೊಂಡು ಆಮೇಲೆ ನೀಲಗಿರಿಗೆ ಹೋದರೆ ಮಗನಿಗೆ ಚೆನ್ನಾಗಿ ಅರ್ಥ ಆಗುತ್ತದೆ ಅಲ್ವಾ?

ಕೇಳಿದವರಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್ ಮಾರಾಯ್ರೆ. ಮೈಸೂರಿಗೆ ಹೋಗುವುದು ಗಟ್ಟಿಯಾಯಿತು. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಸಣ್ಣವರಿದ್ದಾಗ ಕಾಸರಗೋಡಿಗೆ ಹೋಗುವಾಗ ಕಿಟಕಿಯಿಂದ ಹೊರಗೆ ಇಣುಕಿ, ಕಣ್ಣಿಗೆ ಮಸಿ ಬಿದ್ದು, ಅಜ್ಜಿ ಸೆರಗಿನ ತುದಿಗೆ ಬಾಯಿಯ ಬಿಸಿ ಊದಿ ಒತ್ತಿದ್ದರಂತೆ. ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳಿರಲಿಲ್ಲ. ಮಗ ಈಗ ಅವರ ಪಕ್ಕದಿಂದ ಏಳುತ್ತಿಲ್ಲ.