ಕ್ರೀಡಾಂಗಣದ ಹತ್ತಿರ ಜಾಗ: ಲಾಡ್ಜ್ ಕಟ್ಟೋದಾ, ಮಳಿಗೆ ಹಾಕೋದಾ?

ಪ್ರಶ್ನೆ: ಕಾಲೆಕರೆ

ಹೊಸ ಕ್ರೀಡಾಂಗಣದಿಂದ ಒಂದೂವರೆ ಕಿ.ಮೀ. ದೂರದಲ್ಲಿ ಮನೆಯವರ ಹೆಸರಲ್ಲಿ ಕಾಲು ಎಕರೆ ಖಾಲಿ ಜಾಗ ಇದೆ. ಸುತ್ತಮುತ್ತ ಬೆಲೆ ಏರ್ತಾ ಇದೆ. 20 ಕೋಣೆಯ ಲಾಡ್ಜ್ ಕಟ್ಟಿದ್ರೆ ಪಂದ್ಯದ ದಿನ ಮೂರು ಪಟ್ಟು ಬಾಡಿಗೆ ಸಿಗುತ್ತೆ ಅಂತ ದಲ್ಲಾಳಿಗಳು ಹೇಳ್ತಾರೆ. ಇನ್ನೊಂದು ಯೋಚನೆ, ಕೆಳಗೆ ಮಳಿಗೆ, ಮೇಲೆ ಬಾಡಿಗೆ ಮನೆ. ಸಾಲ ಮಾಡಿ ಕಟ್ಟಬೇಕು. ಯಾವುದು ಗಟ್ಟಿ? ತಿಳಿದವರು ಹೇಳಿ.

ಉತ್ತರ: ಲೆಕ್ಕದಪಟ್ಟಿ

ದಲ್ಲಾಳಿಗಳ ಲೆಕ್ಕವನ್ನೇ ಹಿಡಿದು ನೋಡಿ ಸರ್. 20 ಕೋಣೆ, 365 ರಾತ್ರಿ ಅಂದ್ರೆ ವರ್ಷಕ್ಕೆ 7,300 ಕೋಣೆ-ರಾತ್ರಿ. ಪಂದ್ಯದ ದಿನ 30 ಅಂತಿಟ್ಟು, ಎಲ್ಲ ಕೋಣೆ ತುಂಬಿದರೂ 600. ನೂರಕ್ಕೆ ಎಂಟು ಚಿಲ್ಲರೆ. ಮೂರು ಪಟ್ಟು ಬಾಡಿಗೆ ಸಿಕ್ಕರೂ ಮಾಮೂಲಿ ದರದ 1,800 ರಾತ್ರಿಗೆ ಸಮ, ಅಂದ್ರೆ ಕಾಲು ಭಾಗ. ಸಾಲದ ಕಂತು, ಸಂಬಳ, ಕರೆಂಟು ಉಳಿದ 335 ದಿನವೂ ಓಡ್ತಾನೇ ಇರುತ್ತೆ. ಆ 335 ದಿನಕ್ಕೆ ಗಿರಾಕಿ ಯಾರು ಅನ್ನೋದಕ್ಕೆ ಉತ್ತರ ಇಲ್ಲದಿದ್ದರೆ ಲಾಡ್ಜ್ ಬೇಡ.

ಇನ್ನೊಂದು ವಿಷಯ. ಪಂದ್ಯ ನೋಡೋಕೆ ಬಂದವರಲ್ಲಿ ಬಹಳಷ್ಟು ಜನ ಅದೇ ರಾತ್ರಿ ಊರಿಗೆ ಹೊರಡ್ತಾರೆ. ಕ್ರೀಡಾಂಗಣ ಇದ್ದ ಮಾತ್ರಕ್ಕೆ ಪಂದ್ಯಗಳು ಬರ್ತಾವೆ ಅಂತಲೂ ಇಲ್ಲ. 2014ರ ಫುಟ್‌ಬಾಲ್ ವಿಶ್ವಕಪ್‌ಗೆ ಬ್ರೆಜಿಲ್‌ನ ಮನೌಸ್‌ನಲ್ಲಿ 40 ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ಕಟ್ಟಿದರು. ಅಲ್ಲಿ ನಡೆದ ವಿಶ್ವಕಪ್ ಪಂದ್ಯ ನಾಲ್ಕೇ. ಆಮೇಲೆ ಅಷ್ಟು ಆಸನ ತುಂಬಿಸೋ ಸ್ಥಳೀಯ ತಂಡವೇ ಇರಲಿಲ್ಲ. ಆದ್ದರಿಂದ ಮೊದಲು ಕೇಳಬೇಕಾದ್ದು: ಇದನ್ನು ತವರು ಮೈದಾನ ಮಾಡಿಕೊಂಡ ತಂಡ ಯಾವುದು, ಒಪ್ಪಂದ ಎಷ್ಟು ವರ್ಷದ್ದು, ಅಭ್ಯಾಸ ಮೈದಾನ ಇದೆಯಾ?

ಉತ್ತರ: ಓಟದದಾರಿ

ಮೇಲಿನ ಲೆಕ್ಕ ಸರಿ. ಆದರೆ ಅದು ಪಂದ್ಯ ನೋಡೋಕೆ ಬರೋರ ಲೆಕ್ಕ. ಸ್ವತಃ ಆಡೋಕೆ, ಓಡೋಕೆ, ತರಬೇತಿಗೆ ಬರೋರು ಬೇರೆ ಥರದ ಗಿರಾಕಿಗಳು. ನನ್ನ ಪ್ರಕಾರ ಉಳಿಯೋ ವ್ಯಾಪಾರ ಇವರದ್ದೇ. ಕೀನ್ಯಾದ ಇಟೆನ್ ಸಣ್ಣ ಊರು, ಎತ್ತರ ಸುಮಾರು 2,400 ಮೀಟರ್. ದೊಡ್ಡ ಕ್ರೀಡಾಂಗಣ ಇಲ್ಲದಿದ್ದರೂ ದೂರದೋಟದವರು ಹೊರದೇಶಗಳಿಂದ ಬಂದು ವಾರಗಟ್ಟಲೆ ಇರ್ತಾರೆ. ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಕಡಲತೀರಕ್ಕೆ ಜನ ಬರೋ ಮೊದಲೇ, ಚಳಿಗಾಲದ ಕೊನೆಯಿಂದಲೇ ಸೈಕಲ್ ಸವಾರರು ಬರ್ತಾರೆ. ಹೋಟೆಲ್‌ನವರಿಗೆ ಬೇಕಿರೋದೂ ಅದೇ ಖಾಲಿ ತಿಂಗಳುಗಳ ಗಿರಾಕಿ.

ಆದರೆ ಇವರಿಗೆ ಮಾಮೂಲಿ ಲಾಡ್ಜ್ ಹೊಂದಲ್ಲ. ತಂಡಗಳಿಗೆ ಡಬಲ್ ಬೆಡ್ ಬೇಡ, ಬೇರೆ ಬೇರೆ ಎರಡು ಮಂಚ ಬೇಕು. ಬಟ್ಟೆ ಒಗೆಯೋ ಯಂತ್ರ, ಒಣಹಾಕೋ ಜಾಗ, ಬಸ್ಸು ತಿರುಗೋಷ್ಟು ಅಂಗಳ, ಸೈಕಲ್ ತೊಳೆಯೋಕೆ ನಲ್ಲಿ, ಬೀಗ ಹಾಕೋ ಕೋಣೆ ಇರಲಿ. ಮ್ಯಾರಥಾನ್ ಬೆಳಗ್ಗೆ ನಾಲ್ಕಕ್ಕೇ ತಿಂಡಿ ಕೊಡಬೇಕು, ಓಟ ಮುಗಿಸಿ ಬಂದವರಿಗೆ ಸ್ನಾನ ಆಗೋವರೆಗೆ ಕೋಣೆ ಬಿಡಿಸಬಾರದು. ಎಡವೋದು ಹೆಚ್ಚಾಗಿ ಬಿಸಿನೀರಲ್ಲಿ. 20 ಕೋಣೆ, ಇಬ್ಬಿಬ್ಬರು, ತಲೆಗೆ 40 ಲೀಟರ್ ಅಂದ್ರೆ 1,600 ಲೀಟರ್, ಅದೂ ಒಂದೇ ಗಂಟೆಯಲ್ಲಿ. ಮಾಮೂಲಿ ದಿನದ ಅಂದಾಜಲ್ಲಿ ಬಾಯ್ಲರ್ ಹಾಕಿಸಿದರೆ ಕೊನೆಯ ಹತ್ತು ಕೋಣೆಗೆ ತಣ್ಣೀರೇ ಗತಿ.

ಉತ್ತರ: ನಕ್ಷೆಮಂಜೂರು

ಕಟ್ಟೋದೇ ಆದರೆ ಲಾಡ್ಜ್ ಆಗಿಯೂ ಬಾಡಿಗೆ ಮನೆಯಾಗಿಯೂ ಬಳಸೋಕೆ ಬರೋ ಹಾಗೆ ಕಟ್ಟಿ. 2012ರ ಲಂಡನ್ ಒಲಿಂಪಿಕ್ಸ್‌ನ ಕ್ರೀಡಾಗ್ರಾಮದ ಫ್ಲಾಟ್‌ಗಳಲ್ಲಿ ಆಟಗಾರರಿದ್ದಾಗ ಅಡುಗೆಮನೆ ಇರಲಿಲ್ಲ. ಕೂಟ ಮುಗಿದ ಮೇಲೆ ಅಡುಗೆಮನೆ ಜೋಡಿಸಿ 2,818 ಮನೆ ಮಾಡಿದರು, ಈಗ ಅದು ಈಸ್ಟ್ ವಿಲೇಜ್ ಬಡಾವಣೆ. ಮೊದಲೇ ಯೋಚಿಸಿದ್ದರಿಂದ ಇದು ಸಾಧ್ಯವಾಯ್ತು. ನೀವೂ ಎರಡೆರಡು ಕೋಣೆ ಸೇರಿ ಒಂದು ಮನೆ ಆಗೋ ಹಾಗೆ ನಕ್ಷೆ ಮಾಡಿಸಿ. ನಡುಗೋಡೆಯಲ್ಲಿ ಬಾಗಿಲಿನ ಅಳತೆಗೆ ಲಿಂಟಲ್ (ಬಾಗಿಲ ಮೇಲಿನ ಅಡ್ಡ ತೊಲೆ) ಕೂರಿಸಿ ಹಗುರ ಬ್ಲಾಕ್‌ನಿಂದ ಮುಚ್ಚಿ. ಅಡುಗೆಮನೆ ಬರೋ ಮೂಲೆಗೆ ನೀರಿನ ಪೈಪು, ಬಚ್ಚಲಿನ ಪೈಪು ಎಳೆದು ಮುಚ್ಚಳ ಹಾಕಿಡಿ. ಆಮೇಲೆ ಸ್ಲ್ಯಾಬ್ ಒಡೆದು ಪೈಪ್ ಹಾಕಿಸಿದರೆ ಸೋರಿಕೆ ಕಟ್ಟಿಟ್ಟ ಬುತ್ತಿ. ಪ್ರತಿ ಜೋಡಿಗೂ ಬೇರೆ ಕರೆಂಟ್ ಮೀಟರ್‌ಗೆ ವೈರಿಂಗ್ ಇರಲಿ. ಲಾಡ್ಜ್‌ಗೂ ವಾಸದ ಮನೆಗೂ ಬಳಕೆ ಪರವಾನಗಿ ಬೇರೆ, ಬೆಂಕಿ ಸುರಕ್ಷತೆಯ ಷರತ್ತೂ ಬೇರೆ. ಎರಡರಲ್ಲಿ ಯಾವುದು ಬಿಗಿಯೋ ಅದಕ್ಕೆ ತಕ್ಕಂತೆ ಮೆಟ್ಟಿಲು ಇಡಿ.

ಅದಕ್ಕೂ ಮುಂಚೆ ರಸ್ತೆ ಅಗಲೀಕರಣದ ನಕ್ಷೆ ತರಿಸಿ ನೋಡಿ. ಕ್ರೀಡಾಂಗಣದ ದಾರಿಗಳೇ ಮೊದಲು ಅಗಲವಾಗೋದು. ಜಾಗದ ಮುಂಭಾಗ ಹೋದರೆ ಮಳಿಗೆಯ ಯೋಜನೆಯೇ ಹೋಯ್ತು. ಪಂದ್ಯದ ದಿನ ಪೊಲೀಸರು ಎಲ್ಲಿಂದ ವಾಹನ ತಡೀತಾರೆ ಅನ್ನೋದನ್ನೂ ವಿಚಾರಿಸಿ. ತಡೆಯ ಒಳಗೆ ಸಿಕ್ಕಿದ ಅಂಗಡಿಗೆ ಅವತ್ತು ಸರಕಿನ ಗಾಡಿಯೇ ಬರಲ್ಲ. ವಿಶ್ವಕಪ್‌ನಂಥ ಕೂಟಗಳಲ್ಲಿ ಕ್ರೀಡಾಂಗಣದ ಸುತ್ತ ಪ್ರಾಯೋಜಕರಲ್ಲದವರ ಜಾಹೀರಾತು, ಬೀದಿ ವ್ಯಾಪಾರಕ್ಕೆ ತಡೆ ಹಾಕೋ ನಿರ್ಬಂಧ ವಲಯವೂ ಇರುತ್ತೆ.

ಕಾಲೆಕರೆ

ಎಲ್ಲರಿಗೂ ಧನ್ಯವಾದ. ಕಟ್ಟೋದನ್ನು ಒಂದು ವರ್ಷ ಮುಂದೂಡಿದರೆ ಜಾಗ ಸುಮ್ಮನೆ ಬಿಡೋದಾ? ತಿಂಡಿ ಅಂಗಡಿ ಹಾಕಿದ್ರೆ?

ಉತ್ತರ: ಲೆಕ್ಕದಪಟ್ಟಿ

ಒಂದೂವರೆ ಕಿ.ಮೀ. ದೂರಕ್ಕೆ ತಿಂಡಿಗಿಂತ ಪಾರ್ಕಿಂಗ್ ಮೇಲು. ಅಷ್ಟು ದೂರ ಜನ ನಡೀತಾರೆ, ಸಾಮಾನ್ಯವಾಗಿ ಪೊಲೀಸ್ ತಡೆಯಿಂದಲೂ ಆಚೆ ಇರುತ್ತೆ. ಕಾಲು ಎಕರೆ ಅಂದ್ರೆ ಸುಮಾರು 1,000 ಚದರ ಮೀಟರ್. ಓಡಾಟದ ದಾರಿ ಸೇರಿ ಕಾರಿಗೆ 25 ಚದರ ಮೀಟರ್ ಇಟ್ಟರೆ 40 ಕಾರು. ಒಂದರ ಹಿಂದೊಂದು ಒತ್ತಿ ನಿಲ್ಲಿಸಬೇಡಿ. ಪಂದ್ಯ ಮುಗಿದಾಗ ಎಲ್ಲರೂ ಒಟ್ಟಿಗೆ ಹೊರಡೋದು, ಒಂದು ಕಾರು ಸಿಕ್ಕಿಕೊಂಡರೆ ಹಿಂದಿನವರೆಲ್ಲ ಬಾಕಿ. ಒಳಗೆ ಬರೋಕೆ, ಹೊರಗೆ ಹೋಗೋಕೆ ಬೇರೆ ಬೇರೆ ಗೇಟು, ನೆಲಕ್ಕೆ ಜಲ್ಲಿ, ಎರಡು ದೀಪದ ಕಂಬ, ನಂಬರ್ ಹಾಕಿದ ಟೋಕನ್ ಇರಲಿ. ಸ್ಥಳೀಯ ಸಂಸ್ಥೆಯ ಅನುಮತಿ ತಗೊಳ್ಳಿ. ಮೂಲೆಯಲ್ಲಿ ಚಹಾ, ನೀರು ಇಟ್ಟರೆ ಸಾಕು. ಒಬ್ಬರಿಗೆ 40 ಸೆಕೆಂಡ್ ಹಿಡಿದರೂ ಒಂದು ಕೌಂಟರ್‌ನಲ್ಲಿ ಗಂಟೆಗೆ 90 ಜನರಿಗಷ್ಟೇ ಕೊಡೋಕಾಗೋದು.

ಟೋಕನ್ ಪುಸ್ತಕದಲ್ಲಿ ಪ್ರತಿ ಪಂದ್ಯದ ಕಾರಿನ ಸಂಖ್ಯೆ, ಹೊರಟ ಸಮಯ ಬರೆದಿಡಿ. ರಾತ್ರಿ ಉಳಿಯೋಕೆ ಕೋಣೆ ಕೇಳಿದವರನ್ನು ಬೇರೆ ಎಣಿಸಿ. ಒಂದು ಋತು ಮುಗಿದ ಮೇಲೆ ಆ ಅಂಕಿ ಹಿಡಿದು ಬ್ಯಾಂಕಿಗೆ ಹೋಗಿ.